ಸೊನ್ನೆ ಅಂದ್ರೆ ‘ಇಲ್ಲ’ ಅಂತಲ್ಲ ಸ್ವಾಮಿ!

ಮೊನ್ನೆ ಸಾಗರದಿಂದ ಮಾವನ ಫೋನು. "ಲ್ಯಾಪ್‌ಟಾಪಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇಲ್ವಂತೆ ಮಾರಾಯ. ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ತೀನಿ, ಎಂಟುನೂರು ಅಂತಾನೆ ಅಂಗಡಿ ಹುಡುಗ. ಹಾಕ್ಲಾ?"

ಎದೆ ಧಸಕ್ಕೆಂದಿತು. ಮಾವ ರಿಟೈರ್ಡ್ ಮೇಷ್ಟ್ರು. ಆರು ವರ್ಷ ಊರೂರು ತಿರುಗಿ ಅಜ್ಜಿಯರ ಬಾಯಿಂದ ಬರೆದುಕೊಂಡ ಹಾಡುಗಳನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿಟ್ಟಿರೋದು ಅದೊಂದೇ ಡಬ್ಬದಲ್ಲಿ. ಆ ಅಜ್ಜಿಯರಲ್ಲಿ ಮೂವರು ಈಗಿಲ್ಲ. ಬ್ಯಾಕಪ್ಪಾ? ಕೇಳಲೇಬೇಡಿ. "ಮಾವ, ಮುಟ್ಟಬೇಡ ಅನ್ನಿ ಅವನಿಗೆ" ಅಂದು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ.

ಹುಡುಗನನ್ನು ಬೈಯಲು ಹೋದವನಿಗೆ ಬೈಯಲಾಗಲಿಲ್ಲ. ಅವನು ರಿಕವರಿಗೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆಗೆದು, ‘ಬೂಟ್‌ರೆಕ್ ಸ್ಕ್ಯಾನ್ಓಎಸ್’ ಓಡಿಸಿದ್ದ. ಪರದೆ ಮೇಲೆ ಸ್ಪಷ್ಟವಾಗಿ ಬಂದಿತ್ತು: ಪತ್ತೆಯಾದ ವಿಂಡೋಸ್ ಇನ್‌ಸ್ಟಾಲೇಷನ್‌ಗಳು, ಒಟ್ಟು 0. ಇದನ್ನು ಓದಿದ ಯಾರು ತಾನೇ ಇನ್ನೇನು ಅರ್ಥ ಮಾಡಿಕೊಂಡಾರು?

ತಮಾಷೆ ಏನು ಗೊತ್ತಾ? ಆ ಕಮಾಂಡು ಎಣಿಸೋದು ಬೂಟ್ ಪಟ್ಟಿಯಲ್ಲಿ, ಅಂದರೆ ಬಿಸಿಡಿಯಲ್ಲಿ, ಇನ್ನೂ ಸೇರದ ವಿಂಡೋಸ್‌ಗಳನ್ನು ಮಾತ್ರ! ಪಟ್ಟಿ ಕೆಟ್ಟು ಕೂತಿದ್ದರೂ ಅದರಲ್ಲಿ ಹೆಸರು ಇದೆಯೆಂದರೆ ಉತ್ತರ ಸೊನ್ನೆ. ವೋಟರ್ ಲಿಸ್ಟಿಗೆ ಹೊಸ ಹೆಸರು ಸೇರಿಸಲು ಬಂದವನು ನಿಮ್ಮ ಮನೆ ಮುಂದೆ ‘0’ ಅಂತ ಬರೆದು ಹೋದ, ಅದನ್ನು ನೋಡಿ ಇನ್ನೊಬ್ಬ ಮನೆ ಖಾಲಿ ಅಂದುಕೊಂಡು ಜೆಸಿಬಿ ತಂದ ಅನ್ನಿ.

ಇದೊಂದೇ ಕಾರಣವೂ ಅಲ್ಲ. ಇಂಟೆಲ್ ವಿಎಂಡಿ ಆನ್ ಇರುವ ಲ್ಯಾಪ್‌ಟಾಪುಗಳಲ್ಲಿ ಡ್ರೈವರ್ ಇಲ್ಲದಿದ್ದರೆ ರಿಕವರಿ ಪೆನ್‌ಡ್ರೈವಿಗೆ ಡಿಸ್ಕೇ ಕಾಣೋದಿಲ್ಲ. ಆಗಲೂ ಸೊನ್ನೆ. ಬಿಟ್‌ಲಾಕರ್ ಬೀಗ ಬಿದ್ದಿದ್ದು 48 ಅಂಕಿಯ ಕೀ ಕೊಟ್ಟಿಲ್ಲದಿದ್ದರೆ? ಅದೇ ಸೊನ್ನೆ. ‘ನನಗೆ ಕಾಣ್ತಿಲ್ಲ’, ‘ಬೀಗ ಹಾಕಿದೆ’, ‘ಆಗಲೇ ಪಟ್ಟಿಯಲ್ಲಿದೆ’, ‘ನಿಜಕ್ಕೂ ಇಲ್ಲ’: ನಾಲ್ಕಕ್ಕೂ ಒಂದೇ ಅಂಕಿ!

ಗ್ರಬ್ ನೋಡಿ. 2021ರ 2.06 ಆವೃತ್ತಿಯಿಂದ ಅದು ಸುರಕ್ಷತೆಯ ಕಾರಣಕ್ಕೆ ಬೇರೆ ಓಎಸ್ ಹುಡುಕೋದನ್ನೇ ತಾನಾಗಿ ನಿಲ್ಲಿಸಿದೆ. ಡ್ಯುಯಲ್ ಬೂಟ್ ಮಾಡಿಕೊಂಡವರು ವಿಂಡೋಸ್ ಮಾಯ ಅಂತ ಕಂಗಾಲಾದರು, ನಾನೂ ಆಗಿದ್ದೆ. ಆದರೆ ಅದು ‘ಓಎಸ್-ಪ್ರೋಬರ್ ಓಡಿಸುವುದಿಲ್ಲ’ ಅಂತ ಬಾಯಿಬಿಟ್ಟು ಹೇಳುತ್ತೆ. ಹುಡುಕಿಲ್ಲ ಅನ್ನೋದು ಬೇರೆ, ಸಿಗಲಿಲ್ಲ ಅನ್ನೋದು ಬೇರೆ. ಅಷ್ಟು ಮರ್ಯಾದೆ ಸಾಕಿತ್ತು.

ನನ್ನ ಟೀಮಿನವನೊಬ್ಬ "ಸಾಮಾನ್ಯ ಯೂಸರ್‌ಗೆ ಇಷ್ಟೆಲ್ಲ ಯಾಕೋ, ಗಾಬರಿ ಆಗ್ತಾರೆ" ಅಂದ. ಇನ್ನೊಂದು ಸಾಲು ಓದಿ ಗಾಬರಿಯಾಗುವವರು ಆರು ವರ್ಷದ ಕೆಲಸ ಅಳಿಸಿಹೋದರೆ ಆರಾಮಾಗಿರ್ತಾರಾ? ನಿಜ ಹೇಳಬೇಕೆಂದರೆ ನಾನೂ ಇದೇ ಪಾಪ ಮಾಡಿದವನೇ. ಫೈಲ್ ಓದಲು ಪರ್ಮಿಷನ್ ಇಲ್ಲದಿದ್ದರೂ ‘ರೆಕಾರ್ಡ್ ಇಲ್ಲ’ ಅಂತ ತೋರಿಸೋ ಕೋಡ್ ಬರೆದು, ರಿವ್ಯೂನಲ್ಲಿ ಪಾಸೂ ಆಗಿದ್ದೇನೆ. ಯಾರೂ ಕೇಳಲಿಲ್ಲ.

ಇರಲಿ, ಮಾವನ ಕಥೆ. ರಿಕವರಿಯಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗುತ್ತವೆ. ಸಿ ಅಂತಿದ್ದದ್ದು ಪುಟ್ಟ ಸಿಸ್ಟಮ್ ಪಾರ್ಟಿಷನ್. ಡಿಯಲ್ಲಿ ‘ಡಿಐಆರ್’ ಕೊಟ್ಟರೆ ವಿಂಡೋಸ್, ಯೂಸರ್ಸ್ ಎಲ್ಲ ಹಾಯಾಗಿ ಕೂತಿವೆ! ಮೊದಲು ಹಾಡುಗಳನ್ನು ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಆಮೇಲೆ ಬಿಸಿಡಿಯ ಒಂದು ಪ್ರತಿ ತೆಗೆದಿಟ್ಟು, ಆಟ್ರಿಬ್‌ನಿಂದ ಅದರ ಮುಸುಕು ತೆಗೆದು, ಹೆಸರು ‘ಬಿಸಿಡಿ ಡಾಟ್ ಓಲ್ಡ್’ ಅಂತ ಬದಲಿಸಿ, ‘ಬೂಟ್‌ರೆಕ್ ರೀಬಿಲ್ಡ್‌ಬಿಸಿಡಿ’ ಕೊಟ್ಟೆ. ಹಳೇ ಪಟ್ಟಿ ಕಣ್ಣಿಗೆ ಬೀಳದೆ ಹೋದ ಮೇಲೆ ಅದೇ ಡಿಸ್ಕಿನಲ್ಲಿ ಈಗ ಒಟ್ಟು 1. (ಯುಇಎಫ್ಐ ಮಷೀನಾದರೆ ಹಾದಿ ಬೇರೆ, ‘ಬಿಸಿಡಿಬೂಟ್’ ಬೇಕು. ಕಣ್ಮುಚ್ಚಿ ಇದನ್ನೇ ಹೊಡೀಬೇಡಿ.)

ಹುಡುಗ ಕಮಾಂಡುಗಳನ್ನು ಬಿಲ್ ಪುಸ್ತಕದ ಹಿಂದೆ ಬರೆಸಿಕೊಂಡ. "ಹೋದ ತಿಂಗಳೂ ಒಂದಕ್ಕೆ ಹಿಂಗೇ ಸೊನ್ನೆ ಬಂದಿತ್ತು ಸಾರ್" ಅಂದ. ಅದನ್ನೇನು ಮಾಡಿದೆ ಅಂತ ನಾನು ಕೇಳಲಿಲ್ಲ.