ನಿಂತ ಕಾರು, ನಿಲ್ಲದ ಹೊಣೆ

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವ ಊರು ಚಿಕ್ಕಜಾಜೂರು. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ, ತೆಂಗಿನ ತೋಟಗಳ ನಡುವಿನ ಇಂತಹ ಊರುಗಳ ಹಳೆಯ ಮನೆತನಗಳಲ್ಲಿ ತಂದೆಯದೋ ಅಜ್ಜನದೋ ಕಾಲದ ಅಂಬಾಸಿಡರ್ ಅಥವಾ ಫಿಯೆಟ್ ಕಾರೊಂದು ಟಾರ್ಪಾಲು ಹೊದ್ದು ಶೆಡ್ಡಿನಲ್ಲಿ ನಿಂತಿರುವುದುಂಟು. ಆಯುಧಪೂಜೆಯ ದಿನ ಅದನ್ನು ತೊಳೆದು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಬೀದಿಗೆ ತರುತ್ತಾರೆ. ಬಂಧುಗಳ ಮದುವೆಗೊಮ್ಮೆ ಹೊಳಲ್ಕೆರೆಯವರೆಗೆ ಓಡಿಸುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅದು ಮನೆತನದ ನೆನಪು ಮಾತ್ರ. ವಿಮೆಯ ಮಾತೆತ್ತಿದರೆ ಮಾಲೀಕರ ಉತ್ತರ ಸಿದ್ಧವಾಗಿರುತ್ತದೆ: ‘ಓಡದ ಗಾಡಿಗೆ ವಿಮೆ ಏತಕ್ಕೆ?’

ಈ ಪ್ರಶ್ನೆ ಮೇಲ್ನೋಟಕ್ಕೆ ಮಿತವ್ಯಯದ ಮಾತಿನಂತೆ ಕೇಳಿಸುತ್ತದೆ. ವಿಚಾರಿಸಿ ನೋಡಿದರೆ, ಪರರ ಪ್ರಾಣದ ಲೆಕ್ಕವನ್ನು ಸ್ವಂತ ಜೇಬಿನ ಲೆಕ್ಕದಲ್ಲಿ ಅಡಗಿಸುವ ಜಾಣತನ ಇದರಲ್ಲಿದೆ.

ಹಳೆಯ ವಾಹನವನ್ನು ಕಾಪಾಡುವುದು ತಪ್ಪೆಂದು ಯಾರೂ ಹೇಳಲಾರರು. ಧರ್ಮಸ್ಥಳದ ಕಾರುಗಳ ಸಂಗ್ರಹಾಲಯವನ್ನು ಕಂಡವರಿಗೆ, ಯಂತ್ರವೂ ಒಂದು ಕಾಲದ ಚರಿತ್ರೆಯನ್ನು ಹೇಳಬಲ್ಲದೆಂಬುದು ತಿಳಿದಿದೆ. ಆವರಣದೊಳಗೇ ಉಳಿದು ರಸ್ತೆಗೆ ಇಳಿಯದ ಕಾರಿಗೆ ವಿಮೆಯನ್ನು ಕಾನೂನೂ ಕಡ್ಡಾಯ ಮಾಡಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಹೇಳುವುದು ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಳಸುವವರ ವಿಷಯ. ಆದರೆ ವರ್ಷಕ್ಕೆ ಒಂದೇ ದಿನ ರಸ್ತೆಗಿಳಿದರೂ ಆ ಒಂದು ದಿನ ಕಲಮು ಪೂರ್ತಿಯಾಗಿ ಅನ್ವಯಿಸುತ್ತದೆ. ಅಪರೂಪಕ್ಕೆ ಓಡಿಸುವವನಿಗೆ ಅಪರೂಪದ ಹೊಣೆ ಎಂಬ ವಿನಾಯಿತಿ ಅಲ್ಲಿಲ್ಲ.

‘ನಿಲ್ಲಿಸಿದ ಗಾಡಿ ಬಳಕೆಯಲ್ಲಿಲ್ಲ’ ಎಂಬ ವಾದವೂ ಹೊಸದಲ್ಲ. 1987ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ತಾಗಿ ಉರುಳಿಬಿದ್ದಿತು. ಅದು ನಡೆದದ್ದು ಹಿರಿಯೂರು, ಚಿತ್ರದುರ್ಗಗಳ ಮೂಲಕವೂ ಹಾಯ್ದುಹೋಗುವ, ಅಂದಿನ 4ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ. ಕೆಲವು ಗಂಟೆಗಳ ತರುವಾಯ ಟ್ಯಾಂಕರು ಸ್ಫೋಟಗೊಂಡು, ಸುತ್ತ ನೆರೆದಿದ್ದ ಜನ ಸತ್ತರು. ಬಿದ್ದ ವಾಹನ ಆ ವೇಳೆಗೆ ಬಳಕೆಯಲ್ಲಿರಲಿಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತಳ್ಳಿಹಾಕಿತು. ಚಲನೆ ನಿಂತ ಮಾತ್ರಕ್ಕೆ ಹೊಣೆ ನಿಲ್ಲದು ಎಂಬುದೇ ಆ ತೀರ್ಪಿನ ಸಾರ.

ಮಾಲೀಕರ ಇನ್ನೊಂದು ಸಮಾಧಾನ, ಕಡಿಮೆ ಓಡುವ ಕಾರಿನಿಂದ ಅಪಾಯವೂ ಕಡಿಮೆ ಎಂಬುದು. ಒಟ್ಟು ವರ್ಷದ ಲೆಕ್ಕದಲ್ಲಿ ಇದು ನಿಜವಿರಬಹುದು. ಆದರೆ ಹೊರಟ ಆ ಒಂದು ಮೈಲಿಯ ಲೆಕ್ಕದಲ್ಲಿ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಒಳಗಿನ ಲೋಹ ತುಕ್ಕು ಹಿಡಿಯುತ್ತದೆ, ರಬ್ಬರು ಬಿರಿಯುತ್ತದೆ. ಟೈರು ಸವೆಯದಿದ್ದರೂ ವಯಸ್ಸಿನಿಂದಲೇ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಅಂಬಾಸಿಡರಿಗೆ ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಇಂದಿನ ಕಾರುಗಳ ಅಭ್ಯಾಸವಾದ ಕಾಲು ಅದರಿಂದ ತಕ್ಕ ನಿಲುಗಡೆಯನ್ನು ಪಡೆಯಲಾರದು. ಸಂತೆಯಿಂದ ಹಿಂತಿರುಗುವ ಮುದುಕಿಗೆ, ಸೈಕಲ್ಲಿನ ಶಾಲಾ ಬಾಲಕನಿಗೆ, ಎದುರು ಬರುವ ಕಾರು ವರ್ಷಕ್ಕೆ ಎಷ್ಟು ಸಲ ಹೊರಡುತ್ತದೆ ಎಂಬುದರಿಂದ ಆಗಬೇಕಾದುದೇನು?

ಪ್ರಮತ್ತಯೋಗದಿಂದ ಪ್ರಾಣಹಾನಿಯಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ, ಕೊಲ್ಲುವ ಬಯಕೆಗಿಂತ ಎಚ್ಚರಗೇಡಿತನದ ಕಡೆಗೆ ಬೆರಳು ತೋರಿಸಿದೆ. ಬ್ರೇಕು ಪರೀಕ್ಷಿಸದೆ ಹೊರಡುವುದು ಒಂದು ಪ್ರಮಾದ. ಹಾನಿ ಸಂಭವಿಸಿದರೆ ನೊಂದವರ ಗತಿ ಏನೆಂದು ಯೋಚಿಸದೆ ಹೊರಡುವುದು ಎರಡನೆಯದು. ವಿಮೆ ಮೊದಲನೆಯದನ್ನು ತಪ್ಪಿಸಲಾರದು. ಎರಡನೆಯದಕ್ಕೆ ಅದೇ ಪರಿಹಾರ.

ವಿಮೆಯಿಲ್ಲದ ಕಾರು ಒಬ್ಬ ಕೂಲಿಕಾರನ ಕಾಲು ಮುರಿದರೆ, ನ್ಯಾಯಮಂಡಳಿ ಮಾಲೀಕನ ಮೇಲೆ ಪರಿಹಾರ ವಿಧಿಸಬಹುದು. ಆತ ಕೊಡದಿದ್ದಲ್ಲಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲಿ ದಾರಿಯಿದೆ. ಆದರೆ ಆ ದಾರಿಯನ್ನು ಕಚೇರಿಯಿಂದ ಕಚೇರಿಗೆ ನಡೆಯಬೇಕಾದವನು ಕಾಲು ಕಳೆದುಕೊಂಡವನೇ. ಥರ್ಡ್ ಪಾರ್ಟಿ ವಿಮೆ ಎಂಬುದು ಆ ನಡಿಗೆಯನ್ನು ತಪ್ಪಿಸಲು ಇರುವ ಏರ್ಪಾಡು. ಭಾರತದಲ್ಲಿ 1946ರ ಜುಲೈ 1ರಿಂದ ಇದು ಕಡ್ಡಾಯವಾಗಿದೆ. ಶೆಡ್ಡಿನಲ್ಲಿರುವ ಅಜ್ಜನ ಅಂಬಾಸಿಡರಿಗಿಂತ ಈ ಕರ್ತವ್ಯವೇ ಹಿರಿಯದು.

ಇನ್ನು ಖರ್ಚಿನ ಮಾತು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, 1000ದಿಂದ 1500 ಸಿ.ಸಿ.ವರೆಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ಕಂತು ತೆರಿಗೆ ಬಿಟ್ಟು ವರ್ಷಕ್ಕೆ 3,416 ರೂಪಾಯಿ. 1489 ಸಿ.ಸಿ.ಯ ಹಳೆಯ ಅಂಬಾಸಿಡರೂ 1089 ಸಿ.ಸಿ.ಯ ಪದ್ಮಿನಿಯೂ ಈ ವರ್ಗಕ್ಕೆ ಸೇರುತ್ತವೆ. ದಿನಕ್ಕೆ ಒಂಬತ್ತು ರೂಪಾಯಿ ಚಿಲ್ಲರೆ. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ ಇದರಲ್ಲಿ ಅರ್ಧ ರಿಯಾಯಿತಿಯಿದೆ. ಆದರೆ 2021ರ ನಿಯಮದಂತೆ ಆ ನೋಂದಣಿಗೆ ಕಾರು 50 ವರ್ಷ ದಾಟಿರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹತ್ತು ವರ್ಷದಲ್ಲಿ ಉಳಿಯುವುದು 17,080 ರೂಪಾಯಿ. ರಿಯಾಯಿತಿ ಕೇವಲ ತೋರಿಕೆಯದೆಂಬ ಮಾಲೀಕರ ದೂರು ನ್ಯಾಯವಾದುದೇ. ಅದನ್ನು ಸರ್ಕಾರದ ಮುಂದೆ ಒಯ್ಯಲಿ. ಓಡಾಟಕ್ಕೆ ತಕ್ಕ ಕಂತು ಬೇಕೆಂಬ ಬೇಡಿಕೆಗೂ, ಸ್ವಂತ ಕಾರಿನ ಹಾನಿಯ ಮಟ್ಟಿಗೆ, 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಅನುಮತಿ ನೀಡಿದೆ. ಆದರೆ ಸರ್ಕಾರದ ಮೇಲಿನ ಮುನಿಸನ್ನು ದಾರಿಹೋಕನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಇನ್ನೊಂದು ವಿಪರ್ಯಾಸವಿದೆ. ತಮ್ಮ ಕಾರಿನ ಬಣ್ಣಕ್ಕೆ, ಕ್ರೋಮಿಗೆ, ಅದರ ‘ಒಪ್ಪಿತ ಮೌಲ್ಯ’ಕ್ಕೆ ವಿಮಾ ಕಂಪನಿಯೊಡನೆ ವಾರಗಟ್ಟಲೆ ಚೌಕಾಸಿ ಮಾಡುವವರು ಇದ್ದಾರೆ. ಮನೆಮಂದಿಯ ಓಡಾಟಕ್ಕೆಂದು ವಿಮೆ ಬರೆಸಿ, ಮದುವೆಗಳಿಗೆ ಬಾಡಿಗೆಗೆ ಬಿಡುವವರೂ ಇದ್ದಾರೆ. ಮೊದಲಿನವರಿಗೆ ತಗಡು ಮನುಷ್ಯನಿಗಿಂತ ದೊಡ್ಡದಾಗಿದೆ. ಎರಡನೆಯವರು ಸತ್ಯವನ್ನೂ ಅಚೌರ್ಯವನ್ನೂ ಒಂದೇ ಸಹಿಯಲ್ಲಿ ಕೈಬಿಟ್ಟಿದ್ದಾರೆ. ಸುಳ್ಳಿನ ಮೇಲೆ ನಿಂತ ವಿಮೆ ಬೇಕಾದ ಹೊತ್ತಿಗೆ ತಂಟೆಗೆ ಸಿಲುಕುವ ಭಯವೂ ಅಲ್ಲಿದೆ.

ಕಾನೂನಿನ ಭಯವೊಂದೇ ಇಲ್ಲಿ ಸಾಲದು. ವಿಮೆಯಿಲ್ಲದೆ ಓಡಿಸಿದ ಮೊದಲ ಅಪರಾಧಕ್ಕೆ ಕಾಯ್ದೆಯ ದಂಡ 2,000 ರೂಪಾಯಿ. ಮೂರು ತಿಂಗಳವರೆಗಿನ ಸೆರೆಗೂ ಅವಕಾಶವಿದೆ. ಕೇವಲ ಹಣದ ಲೆಕ್ಕ ಹಿಡಿದರೆ ಕಂತಿಗಿಂತ ದಂಡವೇ ಅಗ್ಗ! ಸಿಕ್ಕಿಬೀಳುವ ಸಂಭವವೂ ಆ ಒಂದು ದಿನದಲ್ಲಿ ಅತ್ಯಲ್ಪ. ಎಲ್ಲಿ ತಪ್ಪಿಸಿಕೊಳ್ಳುವುದು ಸುಲಭವೋ, ಎಲ್ಲಿ ತಪ್ಪೇ ಲಾಭಕರವೋ, ಅಲ್ಲಿಯೇ ವ್ರತದ ಪರೀಕ್ಷೆ.

ಆದುದರಿಂದ ಮಾಲೀಕನ ಮುಂದಿರುವ ದಾರಿ ಎರಡೇ. ಕಾರು ನೆನಪಾಗಿ ಮಾತ್ರ ಉಳಿಯಬೇಕಾದರೆ ಅದು ಶೆಡ್ಡಿನಲ್ಲಿಯೇ ಇರಲಿ, ಅಲ್ಲಿಯೇ ಪೂಜೆಯಾಗಲಿ. ರಸ್ತೆಗೆ ಇಳಿಯಬೇಕಾದರೆ ಬ್ರೇಕಿನ ಪರೀಕ್ಷೆಯಾಗಲಿ, ವಿಮೆಯ ಕಂತು ಸಲ್ಲಲಿ. ಚಕ್ರದಡಿ ಇಟ್ಟ ನಿಂಬೆಹಣ್ಣು ಯಾವ ಮುದುಕಿಯ ಆಸ್ಪತ್ರೆಯ ಖರ್ಚನ್ನೂ ಕೊಡಲಾರದು.