ಚಿಪ್ ಬರಲಿ, ಆಮೇಲೆ ನೋಡೋಣ ಅನ್ನೋರಿಗೆ

ಸ್ಯಾನ್ ಹೋಸೆಯಲ್ಲಿ ರಾತ್ರಿ ಊಟ ಮುಗಿಸಿ ಬೆಂಗಳೂರಿನ ತಂಡದ ಜೊತೆ ಕಾಲ್‌ಗೆ ಕೂರುವ ನಿಮಗೆ ಈ ಜಗಳ ಗೊತ್ತಿರುತ್ತೆ. ಸ್ಪೆಕ್‌ನಲ್ಲಿ ಒಂದು ಸಾಲು: ‘ಓದಿದ ಮೇಲೆ ಈ ರಿಜಿಸ್ಟರ್ ಸೊನ್ನೆ ಆಗಬೇಕು.’ ಸೊನ್ನೆ ಮಾಡೋದು ಯಾರು? ಚಿಪ್ಪೇ ಮಾಡುತ್ತೆ ಅಂದುಕೊಂಡರು ಡ್ರೈವರ್ ಬರೆದವರು. ಡ್ರೈವರ್ ಮಾಡುತ್ತೆ ಅಂದುಕೊಂಡರು ಚಿಪ್ ಮಾಡಿದವರು. ಕೊನೆಗೆ ಯಾರೂ ಮಾಡಲಿಲ್ಲ. ಇಂಟರಪ್ಟ್ ನಿಲ್ಲಲೇ ಇಲ್ಲ. ಅಷ್ಟೊತ್ತಿಗೆ ಚಿಪ್ ಫ್ಯಾಬ್‌ನಿಂದ ಬಂದಾಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ನಾನು ಹೇಳೋದು ಇಷ್ಟೇ: ಓದೋ ಸ್ಪೆಕ್ ಸಾಲದು, ಓಡೋ ಸ್ಪೆಕ್ ಬೇಕು.

ಅದಕ್ಕೆ ಸಲಕರಣೆ ಇಲ್ಲ ಅನ್ನೋ ಹಾಗಿಲ್ಲ. ಸಿಸ್ಟಮ್‌ಸಿ ಬಂದದ್ದು 1999ರಲ್ಲಿ. ಅದು ಸಿ++ ಮೇಲೆ ಕಟ್ಟಿದ ಲೈಬ್ರರಿ. 2005ರಲ್ಲಿ ಐಇಇಇ 1666 ಎಂಬ ಮಾನದಂಡವೂ ಆಯಿತು. ಅದರಲ್ಲಿ ಪ್ರತಿ ತಂತಿ, ಪ್ರತಿ ಕ್ಲಾಕ್ ಬರೀಬೇಕಿಲ್ಲ. ಪ್ರೊಸೆಸರ್ ಈ ವಿಳಾಸಕ್ಕೆ ಇದನ್ನು ಬರೆದರೆ ಡಿವೈಸ್ ಏನು ಉತ್ತರ ಕೊಡುತ್ತೆ, ಅಷ್ಟು ಬರೆದರೆ ಸಾಕು. ಚಿಪ್ ಬರುವ ಎಷ್ಟೋ ತಿಂಗಳು ಮೊದಲೇ ನಿಮ್ಮ ಡ್ರೈವರ್ ಆ ಮಾಡೆಲ್ ಮೇಲೆ ಓಡುತ್ತೆ. ಇನ್ನೂ ದೊಡ್ಡ ಲಾಭ ಅಂದ್ರೆ, ಯಾವ ಕೆಲಸ ಚಿಪ್ಪಿಗೆ, ಯಾವುದು ಸಾಫ್ಟ್‌ವೇರಿಗೆ ಅನ್ನೋ ಪಾಲನ್ನು ಆಗ ಇನ್ನೂ ಬದಲಾಯಿಸಬಹುದು. ಸಿಲಿಕಾನ್ ಆದ ಮೇಲೆ ಪಾಲು ಮುಗಿದ ಹಾಗೆ.

‘ಮಾಡೆಲ್ ನಿಜವಾದ ಚಿಪ್ ಅಲ್ವಲ್ಲ’ ಅಂತೀರಾ? ಒಪ್ಪಿದೆ. 1994ರಲ್ಲಿ ಬಯಲಾದ ಪೆಂಟಿಯಂ ತಪ್ಪನ್ನೇ ನೋಡಿ. ಭಾಗಾಕಾರದ ವಿಧಾನ ಸರಿಯಾಗೇ ಇತ್ತು. ಚಿಪ್ಪಿನೊಳಗಿನ ಅದರ ಕೋಷ್ಟಕದಲ್ಲಿ ಕೆಲವು ಅಂಕಿ ಬಿಟ್ಟುಹೋಗಿದ್ದವು. ಸಾಂತಾ ಕ್ಲಾರಾದ ಇಂಟೆಲ್‌ಗೆ 47.5 ಕೋಟಿ ಡಾಲರ್ ಹೊರೆ. ಇದರಿಂದ ಮಾಡೆಲ್ ದಂಡ ಅಂತ ಕಲಿಯೋದಾ? ಮಾಡೆಲ್ ಮತ್ತು ಚಿಪ್ಪಿನ ವಿನ್ಯಾಸ ಎರಡಕ್ಕೂ ಒಂದೇ ಪರೀಕ್ಷೆ ಕೊಟ್ಟು, ಉತ್ತರಗಳನ್ನು ಪ್ರತಿದಿನ ಹೋಲಿಸಬೇಕು ಅಂತ ಕಲಿಯಬೇಕು. ಹೌದು, ಇಂಥ ಮಾಡೆಲ್ ನಿಖರವಾದ ವೇಗ ಹೇಳಲ್ಲ; ಅದನ್ನು ಅದರ ಹತ್ತಿರ ಕೇಳಲೂಬಾರದು.

ನಮ್ಮಲ್ಲಿ ನಡೆಯೋದೇ ಬೇರೆ. ಮೊದಲ ಮೂರು ತಿಂಗಳು ಮಾಡೆಲ್‌ಗೆ ಪೂಜೆ, ಆಮೇಲೆ ಅಟ್ಟಕ್ಕೆ. ಚಿಪ್ ಬದಲಾಗುತ್ತೆ, ಮಾಡೆಲ್ ಹಳೇದಾಗುತ್ತೆ, ‘ನಾವು ಆಗಲೇ ಹೇಳಿರಲಿಲ್ವಾ’ ಅಂತಾರೆ. ‘ಟೈಮ್ ಇಲ್ಲ’ ಅನ್ನೋರೂ ಅವರೇ. ಚಿಪ್ಪನ್ನು ಎರಡನೇ ಸಲ ಮಾಡಿಸೋಕೆ ಟೈಮ್ ಎಲ್ಲಿಂದ ಬರುತ್ತೆ?

ಮುಂದಿನ ಪ್ರಾಜೆಕ್ಟಿನ ಮೊದಲ ಮೀಟಿಂಗ್‌ನಲ್ಲಿ ‘ಸ್ಪೆಕ್ ಎಲ್ಲಿದೆ?’ ಅಂತ ಕೇಳಿ ಸುಮ್ಮನಾಗಬೇಡಿ. ‘ಅದು ಓಡುತ್ತಾ?’ ಅಂತಲೂ ಕೇಳಿ.