ಪೆಂಫಿಗಸ್ ವಲ್ಗ್ಯಾರಿಸ್: ಚಿಕಿತ್ಸೆಯಲ್ಲಿ ಪ್ರಗತಿ, ರೋಗ ಪತ್ತೆಯಲ್ಲಿ ವಿಳಂಬ

ಪೆಂಫಿಗಸ್ ವಲ್ಗ್ಯಾರಿಸ್ ಚರ್ಮದ ಮೇಲೆ ಹಾಗೂ ಬಾಯಿಯ ಒಳಪದರದಲ್ಲಿ ಗುಳ್ಳೆಗಳನ್ನು ಉಂಟುಮಾಡುವ ಅಪರೂಪದ ಕಾಯಿಲೆಯಾಗಿದೆ. ಇದಕ್ಕೆ ಇಂದು ಪರಿಣಾಮಕಾರಿ ಔಷಧಗಳಿವೆ. ಆದರೂ ರೋಗವನ್ನು ತಡವಾಗಿ ಗುರುತಿಸುವುದು ಮತ್ತು ಚಿಕಿತ್ಸೆಯನ್ನು ಮಧ್ಯದಲ್ಲಿ ನಿಲ್ಲಿಸುವುದು ರೋಗಿಗಳ ಜೀವಕ್ಕೆ ಅಪಾಯ ತರುತ್ತವೆ.

ಕಾಯಿಲೆಗೆ ಕಾರಣ

ಚರ್ಮದ ಜೀವಕೋಶಗಳನ್ನು ಡೆಸ್ಮೋಗ್ಲೀನ್ ಎಂಬ ಪ್ರೋಟೀನುಗಳು ಒಂದಕ್ಕೊಂದು ಬೆಸೆದಿರುತ್ತವೆ. ರೋಗಾಣುಗಳನ್ನು ಎದುರಿಸಬೇಕಾದ ಪ್ರತಿಕಾಯಗಳು ಈ ಪ್ರೋಟೀನುಗಳ ಮೇಲೆಯೇ ದಾಳಿ ಮಾಡಿದಾಗ ಬೆಸುಗೆ ಸಡಿಲಗೊಂಡು, ನಡುವೆ ದ್ರವ ತುಂಬಿ ಗುಳ್ಳೆಗಳಾಗುತ್ತವೆ. ರೋಗಿಗಳ ರಕ್ತದಲ್ಲಿ ಇಂತಹ ಪ್ರತಿಕಾಯಗಳಿರುವುದನ್ನು ಬ್ಯೂಟ್ನರ್ ಮತ್ತು ಜೋರ್ಡನ್ 1964ರಲ್ಲಿ ತೋರಿಸಿಕೊಟ್ಟರು. ಇದು ಸಾಂಕ್ರಾಮಿಕ ರೋಗವಲ್ಲ. ಸ್ಪರ್ಶದಿಂದಾಗಲಿ, ಸಹಭೋಜನದಿಂದಾಗಲಿ ಹರಡುವುದಿಲ್ಲ.

ವಿಳಂಬವೇಕೆ?

ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾಯಿಲೆಯು ಮೊದಲು ಬಾಯಿಯಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮದ ಮೇಲೆ ಗುಳ್ಳೆ ಏಳಲು ತಿಂಗಳುಗಳೇ ಹಿಡಿಯಬಹುದು. ಬಾಯಿಯ ಗುಳ್ಳೆಗಳು ಬೇಗನೆ ಒಡೆದು ಹುಣ್ಣಾಗುವುದರಿಂದ, ಅದನ್ನು ಸಾಮಾನ್ಯ ಬಾಯಿಹುಣ್ಣೆಂದು ಭಾವಿಸಿ ವಿಟಮಿನ್ ಮಾತ್ರೆಗಳಲ್ಲಿ ಕಾಲ ಕಳೆಯುವ ಸಂಭವವಿದೆ. ಚರ್ಮದ ಗುಳ್ಳೆಗಳನ್ನು ಸರ್ಪಸುತ್ತು ಎಂದು ತಪ್ಪಾಗಿ ತಿಳಿಯುವುದೂ ಉಂಟು. ಸರ್ಪಸುತ್ತು ಸಾಮಾನ್ಯವಾಗಿ ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಕಾಣಿಸಿ ಕೆಲವು ವಾರಗಳಲ್ಲಿ ಮಾಯುತ್ತದೆ. ಪೆಂಫಿಗಸ್‌ಗೆ ಅಂತಹ ಮಿತಿಯಿಲ್ಲ. ಬಯಾಪ್ಸಿ ಹಾಗೂ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗಳಿಂದ ರೋಗವನ್ನು ದೃಢಪಡಿಸಲಾಗುತ್ತದೆ.

ಚಿಕಿತ್ಸೆ ಸಾಗಿಬಂದ ಹಾದಿ

1950ರ ದಶಕದಲ್ಲಿ ಸ್ಟೆರಾಯ್ಡ್ ಔಷಧಗಳು ಬಳಕೆಗೆ ಬರುವ ಮುನ್ನ ಬಹುಪಾಲು ರೋಗಿಗಳು ಬದುಕುಳಿಯುತ್ತಿರಲಿಲ್ಲ. ಸ್ಟೆರಾಯ್ಡ್ ಜೀವ ಉಳಿಸಿತಾದರೂ, ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದವರಲ್ಲಿ ಮಧುಮೇಹ, ಮೂಳೆಸವೆತ ಮತ್ತು ಸೋಂಕುಗಳು ಕಂಡುಬಂದವು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ಜೆ.ಎಸ್. ಪಸ್ರಿಚಾ ಅವರು ಡೆಕ್ಸಾಮೆಥಸೋನ್ ಮತ್ತು ಸೈಕ್ಲೋಫಾಸ್ಫಮೈಡ್ ಔಷಧಗಳನ್ನು 28 ದಿನಗಳಿಗೊಮ್ಮೆ ರಕ್ತನಾಳದ ಮೂಲಕ ನೀಡುವ ಪಲ್ಸ್ ಚಿಕಿತ್ಸೆಯನ್ನು ರೂಪಿಸಿದರು. ಭಾರತದಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು.

ಪ್ರತಿಕಾಯಗಳ ಮೂಲವಾದ ಬಿ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಇತ್ತೀಚಿನ ಪ್ರಮುಖ ಔಷಧವಾಗಿದೆ. 2017ರಲ್ಲಿ ಪ್ರಕಟವಾದ ಫ್ರಾನ್ಸ್‌ನ 90 ರೋಗಿಗಳ ಅಧ್ಯಯನದಲ್ಲಿ, ಈ ಔಷಧದೊಂದಿಗೆ ಅಲ್ಪಾವಧಿ ಸ್ಟೆರಾಯ್ಡ್ ಪಡೆದವರ ಪೈಕಿ ಶೇ. 89ರಷ್ಟು ಮಂದಿ ಎರಡು ವರ್ಷಗಳ ನಂತರ ಚಿಕಿತ್ಸೆಯ ಅಗತ್ಯವಿಲ್ಲದೆ ರೋಗಲಕ್ಷಣಗಳಿಂದ ಮುಕ್ತರಾಗಿದ್ದರು. ಸ್ಟೆರಾಯ್ಡ್ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 34 ಆಗಿತ್ತು. ಅಮೆರಿಕದಲ್ಲಿ 2018ರಲ್ಲಿ ಈ ಕಾಯಿಲೆಗೆ ಸದರಿ ಔಷಧವು ಅನುಮೋದನೆ ಪಡೆಯಿತು. ಭಾರತದಲ್ಲಿಯೇ ತಯಾರಾದ, ಕಡಿಮೆ ಬೆಲೆಯ ರಿಟುಕ್ಸಿಮ್ಯಾಬ್ 2007ರಿಂದ ದೊರೆಯುತ್ತಿದೆ.

ಆದರೆ ಔಷಧದ ಲಭ್ಯತೆಯೊಂದೇ ಸಾಲದು. ಇದನ್ನು ಆಸ್ಪತ್ರೆಯಲ್ಲಿಯೇ ನೀಡಬೇಕು. ಮುನ್ನ ಹೆಪಟೈಟಿಸ್ ಬಿ, ಕ್ಷಯ ಮುಂತಾದವುಗಳ ತಪಾಸಣೆ ಅಗತ್ಯ. ದೇಹದ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ಸೋಂಕಿನ ಮೇಲೆ ನಿಗಾ ಇಡಬೇಕು. ದೂರದ ಊರುಗಳ ರೋಗಿಗಳಿಗೆ ಪ್ರಯಾಣ ಮತ್ತು ಕೂಲಿಯ ನಷ್ಟವೂ ಹೊರೆಯೇ ಆಗಿದೆ. ಆದುದರಿಂದ ಹತ್ತಿರದಲ್ಲಿಯೇ ರೋಗ ಪತ್ತೆ ಮತ್ತು ನಿರಂತರ ಅನುಸರಣೆಯ ವ್ಯವಸ್ಥೆ ಔಷಧದಷ್ಟೇ ಮುಖ್ಯ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣಿದ್ದಲ್ಲಿ ಚರ್ಮರೋಗ ಅಥವಾ ದಂತ ವೈದ್ಯರನ್ನು ಕಾಣಬೇಕು.
• ಸ್ಟೆರಾಯ್ಡ್ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಬಾರದು. ಹಾಗೆ ಮಾಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು.
• ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಮಾತ್ರೆ ಪಡೆದು ಮುಂದುವರಿಸಬಾರದು.
• ಜ್ವರ ಅಥವಾ ಹುಣ್ಣಿನಲ್ಲಿ ಕೀವು ಕಂಡಲ್ಲಿ ಕೂಡಲೇ ಆಸ್ಪತ್ರೆಗೆ ತೆರಳಬೇಕು.
• ರೋಗಿಯನ್ನು ಮನೆಯಲ್ಲಿ ಪ್ರತ್ಯೇಕವಾಗಿ ಇರಿಸುವ ಅಗತ್ಯವಿಲ್ಲ.